ಉದ್ದ ತುಂಡು, ಗಿಡ್ಡ ತುಂಡು

ಸುರುಳಿ ಬಿಚ್ಚುವ ಮೊದಲೇ ತಪ್ಪು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ನಕ್ಷೆಯ ಸುರುಳಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅದರ ರಬ್ಬರ್ ಬ್ಯಾಂಡನ್ನು ಹೆಬ್ಬೆರಳಿನಿಂದ ಮೀಟುತ್ತಿದ್ದಳು. ಕಾರು ಓಡಿಸುತ್ತಿದ್ದ ಆರ್ಕಿಟೆಕ್ಟರು, ಆಫೀಸಿನಲ್ಲಿ ಎಲ್ಲರಿಗೂ ಬರೀ ಸರ್, ಕನ್ನಡಿಯಲ್ಲಿ ಒಮ್ಮೆ ನೋಡಿ, "ಅದನ್ನ ನಿಲ್ಸಮ್ಮ, ತಲೆ ಚಿಟ್ಟು ಹಿಡೀತಿದೆ" ಎಂದರು. ನಿಲ್ಲಿಸಿದಳು. ಸೋಮವಾರ ಬೆಳಿಗ್ಗೆ ಆಫೀಸಿಗೆ ಕಾಲಿಟ್ಟ ಕೂಡಲೇ ಸರ್ ಹೇಳಿದ್ದು ಇಷ್ಟೇ: ಹಲ್ಲಿನ ಡಾಕ್ಟರಮ್ಮ ಕ್ಲಿನಿಕ್ ಮಾಡಬೇಕೆಂದು ಕೊಂಡ ಹಳೆಯ ಮನೆಯಲ್ಲಿ ಶನಿವಾರ ಒಡೆಯಬಾರದ ಗೋಡೆಯನ್ನು ಅರ್ಧ ಒಡೆದಿದ್ದಾರೆ, ಮೇಲಿನ ಮಹಡಿ ಎರಡು ಬೆರಳಿನಷ್ಟು ಕೂತಿದೆ, ಪುಣ್ಯಕ್ಕೆ ಯಾರಿಗೂ ಏನೂ ಆಗಿಲ್ಲ. "ಮೇಸ್ತ್ರಿ ಶೀಟನ್ನ ಸರಿಯಾಗಿ ನೋಡೇ ಇಲ್ಲ. ನಮ್ಮ ಕಾಪಿ ತಗೊಂಡು ಬಾ, ಹೋಗಿ ತೋರ್ಸೋಣ." ಯಾವ ಗೋಡೆ ಎಂದು ಅವಳು ಕೇಳಲಿಲ್ಲ. ಕೇಳದೆ ಇದ್ದದ್ದನ್ನು ಸರ್ ಗಮನಿಸಿದರೋ ಇಲ್ಲವೋ ಎಂದು ದಾರಿಯುದ್ದಕ್ಕೂ ಅವರ ಕತ್ತಿನ ಹಿಂಭಾಗವನ್ನೇ ನೋಡುತ್ತಿದ್ದಳು.

ಇಪ್ಪತ್ತಮೂರು ವರ್ಷಗಳಿಂದ ಗೆರೆ ಎಳೆಯುವುದೇ ಅವಳ ಕೆಲಸ. ಡಿಪ್ಲೊಮಾ ಕಲಿಸಿದ ಮುದುಕ ಮೇಷ್ಟ್ರು ಮೊದಲ ಒಂದು ತಿಂಗಳು ಬರೀ ಗೆರೆಯನ್ನೇ ಎಳೆಸಿದ್ದರು. ದಪ್ಪ ಗೆರೆ, ಗೋಡೆಯನ್ನು ಕತ್ತರಿಸಿ ಮೇಲಿನಿಂದ ನೋಡಿದಾಗ ಕಾಣುವ ಅಂಚು. ತೆಳು ಗೆರೆ, ಆ ಕತ್ತರಿಸಿದ ಮಟ್ಟಕ್ಕಿಂತ ಕೆಳಗಿರುವ ಕಟ್ಟೆ, ಮೆಟ್ಟಿಲು, ಹಾಸುಗಲ್ಲು. ಒಂದು ಉದ್ದ ಒಂದು ಚುಕ್ಕೆ ಎಂದು ಸಾಗುವುದು ನಡುಗೆರೆ. ಇನ್ನು ತುಂಡುಗೆರೆ, ಅಂದರೆ ಕಣ್ಣಿಗೆ ಕಾಣದ್ದು. ಇದೆ ಆದರೆ ಕಾಣುವುದಿಲ್ಲ, ಅಥವಾ ಈಗ ಇದೆ ಮುಂದೆ ಇರುವುದಿಲ್ಲ. ಅವರ ಆಫೀಸಿನಲ್ಲಿ ತುಂಡುಗೆರೆ ಎರಡು ಬಗೆ. ಉದ್ದ ತುಂಡಾದರೆ ತಲೆಯ ಮೇಲೆ ಬೀಮು ಹಾದುಹೋಗಿದೆಯೆಂದು ಅರ್ಥ. ಗಿಡ್ಡ ತುಂಡಾದರೆ ಅದನ್ನು ಒಡೆದು ತೆಗೆಯಬೇಕೆಂದು ಅರ್ಥ. ಆ ಎರಡರ ನಡುವಿನ ವ್ಯತ್ಯಾಸ ಕಾಗದದ ಮೇಲೆ ಒಂದು ಅಕ್ಕಿಕಾಳಿನಷ್ಟು. ಇಪ್ಪತ್ತಮೂರು ವರ್ಷ ಆ ಅಕ್ಕಿಕಾಳು ಎಲ್ಲೂ ತಪ್ಪಿರಲಿಲ್ಲ.

ಗುರುವಾರ ನಾಲ್ಕೂವರೆಗೆ ಸರ್ ಒಳಗಿನಿಂದಲೇ ಕೂಗಿ, "ಡಾಕ್ಟರಮ್ಮನಿಗೆ ಎರಡೆರಡು ಶೀಟ್ ನೋಡೋದು ಕಷ್ಟವಂತೆ, ಒಂದಕ್ಕೇ ತಂದ್ಬಿಡು, ಐದಕ್ಕೆ ಪ್ರಿಂಟ್ ಹೋಗ್ಬೇಕು" ಎಂದಿದ್ದರು. ಎರಡು ಶೀಟಿನಲ್ಲಿದ್ದ ನೆಲನಕ್ಷೆಯನ್ನು ಒಂದಕ್ಕೆ ತರುವುದೆಂದರೆ ಅಳತೆಯನ್ನು ಅರ್ಧಕ್ಕೆ ಇಳಿಸುವುದು. ಕಂಪ್ಯೂಟರಿನಲ್ಲಿ ಒಂದು ಅಂಕೆ ಬದಲಿಸಿದರೆ ಆಯಿತು. ಎಲ್ಲವೂ ಅರ್ಧವಾದಾಗ ಉದ್ದ ತುಂಡೂ ಅರ್ಧವಾಗಿ ಗಿಡ್ಡ ತುಂಡಾಗುತ್ತದೆ, ಅದನ್ನು ಕೈಯಾರೆ ಮತ್ತೆ ಹಿಗ್ಗಿಸಬೇಕು. ಇದು ಅವಳಿಗೆ ನಿದ್ದೆಯಲ್ಲೂ ಗೊತ್ತಿದ್ದ ಸಂಗತಿ. ಗೋಡೆಯ ಒಳಗೆ ತುಂಬಿದ್ದ ಓರೆಗೆರೆಗಳು ಒತ್ತೊತ್ತಾಗಿ ಮಸಿ ಚೆಲ್ಲಿದಂತೆ ಕಂಡವೆಂದು ಅವುಗಳನ್ನು ಅಳಿಸಿಬಿಟ್ಟಳು, ಜೊತೆಗೇ ಸೇರಿಕೊಂಡಿದ್ದ ಅಂಚಿನ ದಪ್ಪ ಗೆರೆಗಳೂ ಹೋದವು. ಹಾಗೆ ಆ ಗೋಡೆಯ ಜಾಗದಲ್ಲಿ ಉಳಿದದ್ದು ಅದರ ಮೇಲೆ ಹಾದುಹೋಗುವ ಬೀಮಿನ ಎರಡು ತುಂಡುಗೆರೆಗಳು, ಹಿಗ್ಗಿಸದೆ ಅವೂ ಗಿಡ್ಡವಾಗಿಯೇ ಉಳಿದವು. ಪ್ರಿಂಟ್ ಹೊರಬಂದಾಗ ಅದನ್ನು ಮಡಚಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಿದ್ದಳು. ಆ ಹೊತ್ತಿನಲ್ಲಿ ಕಣ್ಣು ಎಲ್ಲಿಯೋ ಎಡವಿತ್ತು. ಇದೇ ಅವಳನ್ನು ಶನಿವಾರದ ಸುದ್ದಿಗಿಂತ ಹೆಚ್ಚು ಚುಚ್ಚುತ್ತಿದ್ದುದು. ಅದೇ ಮಧ್ಯಾಹ್ನ ಸರ್ ಇಬ್ಬರು ಅತಿಥಿಗಳಿಗೆ ಆಫೀಸು ತೋರಿಸುತ್ತ ಅವಳ ಮೇಜಿನ ಬಳಿ ನಿಂತು, "ಇವ್ರು ನಮ್ಮ ಹಳಬರು. ಮೊದ್ಲೆಲ್ಲ ಕೈಯಲ್ಲೇ ಬರೀತಿದ್ರು. ಈಗೇನಿದೆ, ಎಲ್ಲಾ ಯಂತ್ರವೇ ಮಾಡ್ಕೊಳ್ಳುತ್ತೆ" ಎಂದು ನಕ್ಕಿದ್ದರು. ಅತಿಥಿಗಳೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಐದಕ್ಕೆ ಐದು ನಿಮಿಷ ಇದ್ದಾಗ ಕಣ್ಣು ಎಡವಿದ ಕ್ಷಣದಲ್ಲಿ ಮನಸ್ಸಿನೊಳಗೆ ಒಂದು ದನಿ, ಅವಳದೇ ದನಿ, "ಯಂತ್ರವೇ ಮಾಡ್ಕೊಳ್ಳಲಿ" ಎಂದಿತ್ತು. ಕಾಗದವನ್ನು ನಾಲ್ಕು ಮಡಿಕೆ ಮಡಚಿ, ಬಲಮೂಲೆಯ ಚೌಕದಲ್ಲಿ 'ಬರೆದವರು' ಎಂಬಲ್ಲಿ ತನ್ನ ಎರಡಕ್ಷರ, 'ಪರಿಶೀಲಿಸಿದವರು' ಎಂಬಲ್ಲಿ ಸರ್ ಅವರ ಎರಡಕ್ಷರ ಹಾಕಿ ಕಳಿಸಿದ್ದಳು. ಅದನ್ನೂ ಅವಳೇ ಹಾಕುತ್ತಿದ್ದುದು. ನನಗೆಲ್ಲಿ ಪುರಸೊತ್ತು, ನೀನೇ ಹಾಕ್ಬಿಡು ಎಂದು ಸರ್ ಹನ್ನೊಂದು ವರ್ಷದ ಹಿಂದೆ ಹೇಳಿದ್ದರು.

ಹಳೆಯ ಮನೆಯ ಹಜಾರದಲ್ಲಿ ಕಬ್ಬಿಣದ ಜಾಕಿಗಳು ಸಾಲಾಗಿ ನಿಂತು ಮೇಲಿನ ಮಹಡಿಯನ್ನು ಹೊತ್ತಿದ್ದವು. ಅವುಗಳ ನಡುವೆ ಅರ್ಧ ಗೋಡೆ, ಒಡೆದ ಕಡೆ ಇಟ್ಟಿಗೆಗಳ ಹಸಿ ಕೆಂಪು. ಡಾಕ್ಟರಮ್ಮ ಕೊರಳಿಗೆ ಇಳಿಬಿಟ್ಟ ಮಾಸ್ಕನ್ನು ಮರೆತವರಂತೆ ಹಾಗೇ ಬಂದಿದ್ದರು. ಪುಟ್ಟ ಮೈಯವರು, ತಲೆಯೆತ್ತಿ ಛಾವಣಿಯ ಬಿರುಕನ್ನೇ ನೋಡುತ್ತಿದ್ದರು. ಗುತ್ತಿಗೆದಾರರ ಕಡೆಯ ಇಂಜಿನಿಯರು ಯಾರೊಂದಿಗೋ ಫೋನಿನಲ್ಲಿ ರೇಗುತ್ತಿದ್ದ. ಮೇಸ್ತ್ರಿ ಕಿಟಕಿಯ ಪಕ್ಕ ನಿಂತಿದ್ದ. ಅರವತ್ತರ ಹತ್ತಿರದ, ಒಣಗಿದ, ಎತ್ತರದ ಮನುಷ್ಯ. ಅವಳನ್ನು ಕಂಡು ಎಂದಿನಂತೆ, "ಬಂದ್ರಾ ಅಮ್ಮ" ಎಂದ. ವಯಸ್ಸಿನಲ್ಲಿ ಹತ್ತು ಹನ್ನೆರಡು ವರ್ಷ ದೊಡ್ಡವನಾದರೂ ಅವನು ಅವಳನ್ನು ಕರೆಯುತ್ತಿದ್ದದ್ದು ಹಾಗೆಯೇ. ಆ ದನಿಯಲ್ಲಿ ಒಂದು ನಿರಾಳ ಇತ್ತು, ತನ್ನ ಕಡೆಯವರು ಬಂದರು ಎನ್ನುವ ನಿರಾಳ. ಅದನ್ನು ಕೇಳಿ ಅವಳಿಗೆ ಹಿಂದಕ್ಕೆ ತಿರುಗಿ ಕಾರಿನಲ್ಲಿ ಕೂತುಬಿಡಬೇಕೆನಿಸಿತು.

ಇಂಜಿನಿಯರು ಫೋನು ಜೇಬಿಗಿಳಿಸಿ, ಮೇಸ್ತ್ರಿಯ ಕೈಯಲ್ಲಿದ್ದ ಶೀಟನ್ನು ಕಿತ್ತು, ಸಿಮೆಂಟ್ ಚೀಲಗಳ ಮೇಲೆ ಹರಡಿದ. ಗೋಡೆಯ ಪಕ್ಕ, ಬಾಣದ ತುದಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಿದ್ದವು.

"ಇಲ್ಲಿ ಏನು ಬರ್ದಿದೆ, ಓದು" ಎಂದ ಮೇಸ್ತ್ರಿಗೆ.

"ನನಗೆ ಓದಕ್ಕೆ ಬರಲ್ಲ ಅಂತ ನಿಮಗೆ ಗೊತ್ತು ಸರ್."

"ಡಾಕ್ಟ್ರಿಗೆ ಗೊತ್ತಿಲ್ವಲ್ಲ. ಅವರ ಮುಂದೆ ಓದು."

ಹೊರಗೆ ಜಗಲಿಯ ಮೇಲೆ ಕೂತಿದ್ದ ಕೆಲಸದವರು ಮಾತು ನಿಲ್ಲಿಸಿ ಒಳಗೆ ನೋಡಿದರು. ಮೇಸ್ತ್ರಿ ಶೀಟಿನ ಮೇಲೆ ಬಾಗಿದ. ಅವನು ನಿಜವಾಗಿಯೂ ಓದಲು ಪ್ರಯತ್ನಿಸುತ್ತಾನೇನೋ ಎಂದು ಅವಳಿಗೆ ಒಂದು ಕ್ಷಣ ಭಯವಾಯಿತು. ಅವನು ಓದಲಿಲ್ಲ. ಉಗುರಿನಲ್ಲಿ ಗಾರೆ ಕಟ್ಟಿದ ತೋರುಬೆರಳನ್ನು ಕಾಗದದ ಮೇಲಿಟ್ಟು, ಮನೆಯ ಬಾಗಿಲಿನಿಂದ ಒಳಗೆ ನಡೆದು ಬರುವವನಂತೆ ನಿಧಾನವಾಗಿ ಸರಿಸಿದ. "ಅಕ್ಷರ ಬರಲ್ಲ, ಗೆರೆ ಬರುತ್ತೆ. ಇದು ಬಾಗ್ಲು, ಒಳಕ್ಕೆ ಎಡಗಡೆ ತೆರೆಯುತ್ತೆ, ಈ ಕಮಾನು ಗೆರೆ ನೋಡಿ. ಇಲ್ಲಿ ತ್ರಿಕೋನ ಇದೆ, ಅಂದ್ರೆ ಈ ರೂಮಿನ ನೆಲ ಹೊರಗಿಂದ ಆರಿಂಚು ಮೇಲೆ. ಇದು ನಿಮ್ಮ ಕುರ್ಚಿ ಇಡೋ ಜಾಗ, ನೀರಿನ ಪೈಪು ನೆಲದ ಕೆಳಗೆ ಹೀಗೆ ಹೋಗಿ ಹೀಗೆ ತಿರುಗುತ್ತೆ. ಈ ಬಾಣ, ಈ ಸೊನ್ನೆ, ಒಳಗಡೆ ಐದು. ಇಲ್ಲಿ ನಿಂತು ಆ ಕಡೆ ನೋಡಿದ್ರೆ ಗೋಡೆ ಹೇಗೆ ಕಾಣುತ್ತೆ ಅನ್ನೋದು ಐದನೇ ಶೀಟಲ್ಲಿದೆ." ಡಾಕ್ಟರಮ್ಮ ಛಾವಣಿಯನ್ನು ಬಿಟ್ಟು ಅವನ ಬೆರಳನ್ನು ನೋಡತೊಡಗಿದ್ದರು. ಬೆರಳು ಹಜಾರ ದಾಟಿ ಗೋಡೆಯ ಬಳಿ ಬಂದು ನಿಂತಿತು. "ಇದು ಗಿಡ್ಡ ತುಂಡು. ಇವರ ಆಫೀಸಲ್ಲಿ ಗಿಡ್ಡ ತುಂಡು ಅಂದ್ರೆ ಒಡೆಯೋದು." ಅವನು ತಲೆಯೆತ್ತಿ ಅವಳನ್ನು ನೋಡಿದ. "ಅಲ್ವಾ ಅಮ್ಮ?"

ಅವಳ ಬಾಯಿ ತೆರೆದಿತ್ತು. ಏನು ಹೇಳಲು ತೆರೆದಿತ್ತೆಂದು ಆಮೇಲೆ ಎಷ್ಟು ಸಲ ಯೋಚಿಸಿದರೂ ಅವಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಸರ್, "ಗೆರೆ ಹೆಂಗಾದ್ರೂ ಇರ್ಲಪ್ಪ, ಪಕ್ಕದಲ್ಲೇ ಸ್ಪಷ್ಟವಾಗಿ ಬರ್ದಿದೆಯಲ್ಲ, ಇರುವ ಗೋಡೆ, ಮುಟ್ಟತಕ್ಕದ್ದಲ್ಲ ಅಂತ. ಬರೆದದ್ದಕ್ಕಿಂತ ದೊಡ್ಡದು ಏನಿದೆ" ಎಂದರು. ಅವಳು ತಲೆಯಾಡಿಸಿದಳು. ಯಾರ ಮಾತಿಗೆ ಆಡಿಸಿದ್ದೆಂದು ಯಾರೂ ಕೇಳಲಿಲ್ಲ. ಮೇಸ್ತ್ರಿ ಇನ್ನೂ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿ, ಬೆರಳನ್ನು ಕಾಗದದಿಂದ ಎತ್ತಿಕೊಂಡ. "ನಾಳೆಯಿಂದ ನೀನು ಬರೋದು ಬೇಡ" ಎಂದ ಇಂಜಿನಿಯರು. ಮೇಸ್ತ್ರಿ ಕಿಟಕಿಯ ಅಂಚಿನಲ್ಲಿದ್ದ ಕರಣೆ, ರಸಮಟ್ಟ, ತೂಕದ ಗುಂಡು ಒಂದೊಂದಾಗಿ ಚೀಲಕ್ಕೆ ಹಾಕಿಕೊಳ್ಳುವಾಗ ಆ ಸದ್ದುಗಳೆಲ್ಲ ಬಿಡಿಬಿಡಿಯಾಗಿ ಕೇಳಿದವು. ಹೊರಗೆ ಕೂತಿದ್ದವರಲ್ಲಿ ಒಬ್ಬ ಆಮೇಲೆ ಡಾಕ್ಟರಮ್ಮನಿಗೆ ಹೇಳಿದ: ಶನಿವಾರ ಮೇಲಿನಿಂದ ನರಳಿದ ಹಾಗೆ ಸದ್ದು ಬಂದಾಗ ಎಲ್ಲರನ್ನೂ ಬೈದು ಹೊರಗೆ ಓಡಿಸಿದ್ದು ಮೇಸ್ತ್ರಿಯೇ, ಮತ್ತೆ ಒಳಗೆ ಹೋಗಿ ಮೊದಲನೇ ಜಾಕಿ ಕೊಟ್ಟಿದ್ದೂ ಅವನೇ. ಅದನ್ನು ಕೇಳಿಸಿಕೊಳ್ಳುತ್ತಲೇ ಸರ್ ಮೇಸ್ತ್ರಿಯ ಶೀಟನ್ನು ಮಡಚಿ ಅವಳ ಕೈಗೆ ಕೊಟ್ಟರು.

ಆಫೀಸಿಗೆ ವಾಪಸು ಬರುವಾಗ ಅವಳ ಮನಸ್ಸು ಸಿಮೆಂಟ್ ಚೀಲದ ಮೇಲೆ ಕೂತಿತ್ತು, ಆದರೆ ಅದು ಈ ಚೀಲವಲ್ಲ. ಹದಿನೈದು ವರ್ಷದ ಹಿಂದೆ ಒಂದು ಶಾಲೆಯ ಕಟ್ಟಡದಲ್ಲಿ, ಬಿಸಿಲು ಇಳಿಯಲೆಂದು ಎಲ್ಲರೂ ಮೆಟ್ಟಿಲ ಕೆಳಗೆ ಕೂತಿದ್ದಾಗ, ಮೇಸ್ತ್ರಿ ಶೀಟ್ ಹಿಡಿದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, "ಈ ಹರಿದುಹೋದ ಗೆರೆ ಯಾಕಮ್ಮ, ಪೆನ್ನಲ್ಲಿ ಇಂಕು ಸಾಲ್ದೇ ಬಂತಾ" ಎಂದು ಕೇಳಿದ್ದ. ಅವಳು ನಗುತ್ತ ಖಾಲಿ ಚೀಲವೊಂದನ್ನು ಬಿಡಿಸಿ ಅದರ ಒಳಮೈಯ ಮೇಲೆ ಇದ್ದಿಲಿನಿಂದ ಬರೆದು ತೋರಿಸಿದ್ದಳು. ದಪ್ಪ, ತೆಳು, ಉದ್ದ ತುಂಡು, ಗಿಡ್ಡ ತುಂಡು. ಅವನು ಆ ಚೀಲವನ್ನು ಮಡಚಿ ಮನೆಗೆ ಒಯ್ದಿದ್ದ. ಮಾರನೆಯ ವಾರ ಬಂದು ಒಂದೂ ತಪ್ಪದೆ ಒಪ್ಪಿಸಿದ್ದ. ಅಕ್ಷರಗಳ ಬಗ್ಗೆ ಕೇಳಿದಾಗ ಅವಳು, "ಗೆರೆ ನೋಡಿ ಸಾಕು ಮೇಸ್ತ್ರಿ. ಅಕ್ಷರ ಎಲ್ಲ ಆಫೀಸಿನವರು ತಮ್ಮ ಬಚಾವಿಗೆ ಬರ್ಕೊಳ್ಳೋದು" ಎಂದಿದ್ದಳು. ತಮಾಷೆಗೆ ಹೇಳಿದ್ದು. ಎಲ್ಲರೂ ನಕ್ಕಿದ್ದರು. ಆಗ ಅವಳಿಗೆ ಮೂವತ್ತೆರಡು, ಸುತ್ತಲಿನವರು ತನ್ನ ಮಾತಿಗೆ ನಗುವುದು ಹಿತವಾಗಿತ್ತು.

"ಫೈಲಲ್ಲಿ ಆ ಗೆರೆ ಒಂಚೂರು ನೋಡು" ಎಂದರು ಸರ್, ಕುರ್ಚಿಯಲ್ಲಿ ಕೂರುವ ಮೊದಲೇ. "ನಾಳೆ ಯಾರಾದ್ರೂ ಕೇಳಿದ್ರೆ ಕ್ಲೀನಾಗಿರ್ಬೇಕು. ಹಳೇ ಪ್ರಿಂಟ್ ಹರ್ದು ಹಾಕ್ಬಿಡು, ಎರಡೆರಡು ಇದ್ರೆ ಗೊಂದಲ." ಹಳೆಯ ಪ್ರಿಂಟ್ ಹರಿಯುವುದು ಆಫೀಸಿನ ವಾಡಿಕೆಯೇ. ಆ ಮಾತಿನಲ್ಲಿ ಹಿಡಿದು ಎಳೆಯಬಹುದಾದ ತುದಿ ಎಲ್ಲೂ ಇರಲಿಲ್ಲ. ಅವಳು ಕೂತು ತುಂಡನ್ನು ಹಿಗ್ಗಿಸಿದಳು, ದಪ್ಪ ಅಂಚನ್ನೂ ಓರೆಗೆರೆಗಳನ್ನೂ ಮತ್ತೆ ತುಂಬಿದಳು. ನಾಲ್ಕು ನಿಮಿಷ ಹಿಡಿಯಿತು. ಗುರುವಾರ ಅದೇ ನಾಲ್ಕು ನಿಮಿಷ ಅವಳ ಬಳಿ ಇತ್ತು. ಹೊಸ ಪ್ರಿಂಟಿನಲ್ಲಿ ಗೋಡೆ ಗಟ್ಟಿಯಾಗಿ, ಕಪ್ಪಾಗಿ, ಯಾವ ಕೂಸಿಗೂ ಕಾಣುವಂತೆ ನಿಂತಿತ್ತು. ಸರ್ ಅದನ್ನು ಎತ್ತಿ ನೋಡಿ, "ಇದೇ ಅಲ್ವಾ ಗುರುವಾರ ಹೋಗಿದ್ದು" ಎಂದರು. ಅದು ಪ್ರಶ್ನೆಯ ರಾಗದಲ್ಲಿರಲಿಲ್ಲ. ಅವಳು ಹೂಂ ಎಂದಳು. ಸಂಜೆ ಹೊರಡುವಾಗ ಹೊಸ ಪ್ರಿಂಟಿನ ಒಂದು ಕಾಪಿಯ ಜೊತೆ ಹರಿಯದ ಹಳೆಯ ಪ್ರಿಂಟೂ ಅವಳ ಚೀಲದಲ್ಲಿತ್ತು. ಇಟ್ಟುಕೊಂಡದ್ದು ಧೈರ್ಯದಿಂದಲ್ಲ. ಹರಿಯಲು ಹಿಡಿದಾಗ ಅದರ ಮೇಲೆ, ಗೋಡೆಯ ಜಾಗದಲ್ಲಿ, ಮೇಸ್ತ್ರಿಯ ಬೆರಳಿನ ಬೂದು ಗುರುತು ಕಂಡಿತ್ತು.

ಮನೆಯಲ್ಲಿ ಅತ್ತೆ ಬಾಗಿಲಿಗೇ ಕೂತಿದ್ದರು. "ಏನೇ ಅದು, ಕಾಗದ ಮನೆಗೂ ಬಂತಾ? ಮಲಗಕ್ಕೆ ಅದಕ್ಕೂ ಒಂದು ಚಾಪೆ ಹಾಕ್ಲಾ?" ಎಂದರು. ಅವಳು ನಗಲಿಲ್ಲವೆಂದು ಕಂಡು, "ಯಾರೋ ಬೈದಿದಾರೆ" ಎಂದು ಗೋಡೆಗೆ ಹೇಳಿ ಸುಮ್ಮನಾದರು. ಯಾರೂ ಬೈದಿರಲಿಲ್ಲ. ಬೈದಿದ್ದರೆ ವಾಸಿಯಿತ್ತು. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವನು, ಬಂದವನೇ ಮುಖ ತೊಳೆದು ಊಟಕ್ಕೆ ಕೂತ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ತಟ್ಟೆಯಿಂದ ತಲೆಯೆತ್ತದೆ, "ಯಾರಿಗೂ ಪೆಟ್ಟಾಗಿಲ್ಲ ತಾನೆ" ಎಂದ.

"ಇಲ್ಲ."

"ಮೇಸ್ತ್ರಿಗೆ ಈ ಊರಲ್ಲಿ ಇದೊಂದೇ ಕೆಲಸ ಏನಲ್ಲ. ನಾಳೆ ಇನ್ನೊಂದು ಕಡೆ ಸಿಗುತ್ತೆ. ನಿನಗೆ ನಲವತ್ತೇಳಕ್ಕೆ ಯಾರು ಕರೆದು ಕೊಡ್ತಾರೆ?"

"ಗೋಡೆ ಬೀಳಿಸಿದ ಮೇಸ್ತ್ರಿ ಅಂತ ಹೆಸರು ಬಂದ್ರೆ ಅವನಿಗೆ ಯಾರು ಕೊಡ್ತಾರೆ?"

"ನಾನು ಕೆಟ್ಟೋನಾಗಿ ಹೇಳ್ತಿಲ್ಲ ಕಣೆ. ಇದನ್ನ ಯಾರಾದ್ರೂ ಹೇಳ್ಬೇಕಲ್ಲ."

ಅವಳಿಗೆ ಅವನ ಮೇಲೆ ತಡೆಯಲಾರದಷ್ಟು ಸಿಟ್ಟು ಬಂತು. ಬೆಳಿಗ್ಗೆಯಿಂದ ತಾನೇ ತನಗೆ ಹೇಳಿಕೊಳ್ಳುತ್ತಿದ್ದ ಮಾತನ್ನು ಅವನು ಅಕ್ಷರ ಬಿಡದೆ ಹೇಳಿದ್ದ. ಅವನ ಬಾಯಲ್ಲಿ ಅದು ಅಷ್ಟೊಂದು ಸಾಧಾರಣವಾಗಿ, ಅನ್ನದ ಜೊತೆ ಕಲಸಿದಂತೆ ಕೇಳಿದ್ದು ಸಹಿಸಲಾಗಲಿಲ್ಲ. ಅತ್ತೆ ಒಳಗಿನಿಂದ, "ತಪ್ಪು ಯಾರ್ದಂತೆ?" ಎಂದು ಕೇಳಿದರು. ಕಿವಿ ಮಂದ, ಪ್ರಶ್ನೆ ಮಾತ್ರ ಯಾವಾಗಲೂ ಸರಿಯಾದ ಜಾಗಕ್ಕೇ ಬರುತ್ತಿತ್ತು.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ, ಕೇಳಿಕೊಂಡು ಕೇಳಿಕೊಂಡು ಮೇಸ್ತ್ರಿಯ ಮನೆ ಹುಡುಕಿದಳು. ಟೈರು ಅಂಗಡಿಯ ಮೇಲೆ ಒಂದೇ ಕೋಣೆ. ಮೆಟ್ಟಿಲು ಒಂದೊಂದೂ ಒಂದೊಂದು ಎತ್ತರ. ಹತ್ತುವಾಗ, ಇದನ್ನು ಕಟ್ಟಿದವನು ಯಾರಪ್ಪ ಎಂಬ ಯೋಚನೆ ತಾನಾಗಿ ಬಂದು, ಅದಕ್ಕೂ ನಾಚಿಕೆಯಾಯಿತು. ಅವನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಇವಳನ್ನು ಕಂಡು ಏಳಲಿಲ್ಲ, ಹೊಲಿಯುವುದನ್ನೂ ನಿಲ್ಲಿಸಲಿಲ್ಲ. ಮೇಸ್ತ್ರಿ ಬೆಳಗಿನ ಹೊತ್ತಿನಲ್ಲಿ ಮನೆಯಲ್ಲಿರುವುದು ಹೇಗೆಂದು ತಿಳಿಯದವನಂತೆ ಕಿಟಕಿಯ ಬಳಿ ನಿಂತಿದ್ದ. ಅವಳು ಎರಡೂ ಪ್ರಿಂಟುಗಳನ್ನು ನೆಲದ ಮೇಲೆ ಹರಡಿದಳು. ಒಂದರಲ್ಲಿ ಗಿಡ್ಡ ತುಂಡು, ಇನ್ನೊಂದರಲ್ಲಿ ದಪ್ಪ ಗೋಡೆ, ಅದರ ಮೇಲೆ ಉದ್ದ ತುಂಡು. ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಕೈಕೊಟ್ಟು, "ಗೆರೆ ತಪ್ಪಿತ್ತು ಮೇಸ್ತ್ರಿ. ನೀವು ಸರಿಯಾಗೇ ಓದಿದೀರಿ" ಎಂದಷ್ಟೇ ಹೇಳಿದಳು.

ಅವನು ಕೂತು ಎರಡನ್ನೂ ಬಹಳ ಹೊತ್ತು ನೋಡಿದ. "ಮೊದಲನೇ ಏಟಿಗೇ ಕೈಗೆ ಗೊತ್ತಾಗಿತ್ತಮ್ಮ" ಎಂದ. "ಆ ಗೋಡೆ ಮೇಲೆ ಭಾರ ಇದೆ ಅಂತ. ನಿಲ್ಲಿಸ್ದೆ. ಶೀಟ್ ತಂದು ಇನ್ನೊಂದ್ಸಲ ನೋಡ್ದೆ. ಗಿಡ್ಡ ತುಂಡೇ ಇತ್ತು. ನನ್ನ ಕೈ ತಪ್ಪಿರ್ಬೇಕು, ನೀವು ಬರ್ದಿದ್ದು ತಪ್ಪಲ್ಲ ಅಂತ ಹೊಡೆಸ್ದೆ."

"ಒಂದು ಫೋನ್ ಮಾಡ್ಬೋದಿತ್ತು."

"ಮಾಡ್ಬೋದಿತ್ತು. ನಿಮ್ಮ ಗೆರೆ ಮೇಲೆ ಅನುಮಾನ ಪಟ್ಟ ಹಾಗಾಗುತ್ತೆ ಅಂತ ಮಾಡ್ಲಿಲ್ಲ." ಹೊಲಿಗೆ ಯಂತ್ರ ಒಂದು ಕ್ಷಣ ನಿಂತು ಮತ್ತೆ ಓಡಿತು. ಅವನು ಶೀಟುಗಳನ್ನು ಅವಳ ಕಡೆಗೆ ಸರಿಸಿದ. "ತಪ್ಪು ಎಲ್ಲರ ಕೈಲೂ ಆಗುತ್ತೆ. ಒಂದ್ಸಲ ನಾನು ಬಾಗಿಲು ಬಿಡದೇ ಇಡೀ ಗೋಡೆ ಕಟ್ಟಿದೀನಿ. ಅದಲ್ಲಮ್ಮ. ಅಲ್ವಾ ಅಂತ ನಿಮ್ಮನ್ನ ಕೇಳ್ದೆ. ನೀವು ಅಲ್ಲೇ ನಿಂತಿದ್ರಲ್ಲ."

ಗುರುವಾರದ ಅತಿಥಿಗಳು, ಸರ್ ಅವರ ನಗು, ಐದಕ್ಕೆ ಐದು ನಿಮಿಷ, ಈ ಎಲ್ಲವೂ ನಿನ್ನೆಯವರೆಗೂ ಅವಳೊಳಗೆ ಒಂದು ಸಮರ್ಥನೆಯಂತೆ ನಿಂತಿದ್ದವು, ಈ ಕೋಣೆಯ ಸಿಮೆಂಟು ನೆಲದ ಮೇಲೆ ಇಡಲು ಯೋಗ್ಯವಾಗಿ ಅದರಲ್ಲಿ ಒಂದೂ ಕಾಣಲಿಲ್ಲ. ಹೆಂಡತಿ ತಲೆಯೆತ್ತದೆಯೇ, "ಟೀ ಕುಡೀತಾರಾ ಕೇಳಿ" ಎಂದು ಗಂಡನಿಗೆ ಹೇಳಿದಳು. ಇವಳಿಗೆ ಬೇಡವೆನ್ನುವ ಧೈರ್ಯವಾಗಲಿಲ್ಲ, ಬೇಕೆನ್ನುವ ಮುಖವೂ ಇರಲಿಲ್ಲ. ಟೀ ಬಂತು. ಸಕ್ಕರೆ ಹೆಚ್ಚಾಗಿತ್ತು. ಮೂವರೂ ಬೇರೆ ಬೇರೆ ಕಡೆ ನೋಡುತ್ತ ಕುಡಿದರು.

ಬುಧವಾರ ಬೆಳಿಗ್ಗೆ ಹಳೆಯ ಮನೆಯಲ್ಲಿ ಮುಂದೇನೆಂದು ಮಾತಾಡಲು ಡಾಕ್ಟರಮ್ಮ, ಇಂಜಿನಿಯರು, ಸರ್ ಸೇರಿದ್ದರು. ಹೊಸ ಶೀಟ್ ಹಿಡಿದುಕೊಳ್ಳಲು ಅವಳು. ಹೊಸ ಮೇಸ್ತ್ರಿ ಯಾರೆಂದು ಇಂಜಿನಿಯರು ಹೇಳುತ್ತಿದ್ದಾಗ ಅವಳು ಚೀಲದಿಂದ ಹಳೆಯ ಪ್ರಿಂಟು ತೆಗೆದು ಹೊಸದರ ಪಕ್ಕ ಇಟ್ಟಳು. ತನ್ನ ದನಿ ತೀರಾ ಸಣ್ಣಗೆ, ಬ್ಯಾಂಕಿನ ಕಿಟಕಿಯಲ್ಲಿ ಏನೋ ಕೇಳುವವಳಂತೆ ಬರುತ್ತಿರುವುದು ಅವಳಿಗೇ ಕೇಳಿಸಿತು.

"ಗುರುವಾರ ಬಂದಿದ್ದು ಈ ಶೀಟು, ಅದಲ್ಲ. ಇದರಲ್ಲಿ ಗೆರೆ ಒಡೀರಿ ಅಂತ ಹೇಳುತ್ತೆ. ಮೇಸ್ತ್ರಿ ಅದನ್ನೇ ಮಾಡಿದಾರೆ. ಆ ಇನ್ನೊಂದು ನಾನು ಸೋಮವಾರ ತಿದ್ದಿದ್ದು."

ಸರ್ ನಕ್ಕರು. "ಇವರ ಮನೇಲಿ ಏನೋ ಟೆನ್ಷನ್ ಇದೆ, ನಿನ್ನೇನೂ ರಜೆ ಹಾಕಿದ್ರು" ಎಂದು ಡಾಕ್ಟರಮ್ಮನ ಕಡೆ ತಿರುಗಿದರು. ಡಾಕ್ಟರಮ್ಮ ಅವರ ಕಡೆ ನೋಡಲಿಲ್ಲ. ಕೈಚೀಲದಿಂದ ಪುಟ್ಟ ಟಾರ್ಚು ತೆಗೆದು, ಬಾಯಿ ನೋಡುವಂತೆ ಬಾಗಿ ಎರಡು ಶೀಟುಗಳನ್ನೂ ನೋಡಿದರು. "ಪರಿಶೀಲಿಸಿದವರು ಅಂತ ಇಲ್ಲಿ ನಿಮ್ಮ ಇನಿಷಿಯಲ್ ಇದೆ" ಎಂದರು.

"ಅದು ನನ್ನ ಕೈಬರಹ ಅಲ್ಲ. ಅವರೇ ಹಾಕ್ಕೊಂಡಿರೋದು. ಕೇಳಿ ಬೇಕಾದ್ರೆ."

"ಹೌದು, ನಾನೇ ಹಾಕಿದ್ದು" ಎಂದಳು ಅವಳು. "ಹನ್ನೊಂದು ವರ್ಷದಿಂದ ನಾನೇ ಹಾಕ್ತಿದೀನಿ. ಸರ್ ಹಾಕು ಅಂದಿದ್ರು." ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಅರ್ಧ ಭಾರ ಸರ್ ಹೆಗಲಿಗೆ ಹೋಗುತ್ತಿತ್ತು. ಆದರೆ ಮಾತು ಒಮ್ಮೆ ಹೊರಟ ಮೇಲೆ ಅದಕ್ಕೆ ಅವಳ ಅನುಕೂಲ ಕಾಣಿಸಲಿಲ್ಲ. "ಮಡಚುವಾಗ ಏನೋ ಸರಿ ಇಲ್ಲ ಅಂತ ಕಣ್ಣಿಗೆ ಬಿದ್ದಿತ್ತು. ನೋಡ್ಲಿಲ್ಲ. ಹಾಗೇ ಕಳಿಸ್ದೆ."

ಸರ್ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೆರಗು ಇತ್ತು, ಇಷ್ಟು ವರ್ಷ ಮೂಲೆಯಲ್ಲಿದ್ದ ಮೇಜು ಎದ್ದು ಮಾತಾಡಿದ ಹಾಗೆ. ಇಂಜಿನಿಯರು, "ಆದ್ರೂ ಪಕ್ಕದಲ್ಲಿ ಬರ್ದಿತ್ತಲ್ವಾ" ಎಂದು ಶುರುಮಾಡಿದ. ಡಾಕ್ಟರಮ್ಮ ಟಾರ್ಚು ಆರಿಸಿದರು. "ನಾನು ಒಬ್ಬರ ಒಳ್ಳೇ ಹಲ್ಲು ಕಿತ್ತು ಹಾಕಿ, ಚೀಟೀಲಿ ಸರಿಯಾಗೇ ಬರ್ದಿದ್ದೆ ನೋಡಿ ಅಂದ್ರೆ ಒಪ್ತಾರೇನ್ರೀ? ಆ ಮೇಸ್ತ್ರೀನ ಕರೆಸಿ. ಈ ಗೋಡೆ ಅವನೇ ಕಟ್ಲಿ." ಆಮೇಲೆ ಅವಳ ಕಡೆ ತಿರುಗಿ, ಮೆಚ್ಚುಗೆಯೂ ಇಲ್ಲದೆ ಕರುಣೆಯೂ ಇಲ್ಲದೆ, "ನೀವು ಸೋಮವಾರವೇ ಹೇಳಿದ್ರೆ ಅವನು ಅಷ್ಟು ಜನರ ಮುಂದೆ ನಿಲ್ಬೇಕಾಗಿರ್ಲಿಲ್ಲ" ಎಂದರು.

ಸರ್ ಅವಳನ್ನು ಕೂಡಲೇ ತೆಗೆಯಲಿಲ್ಲ. ವಾಪಸಾಗುವಾಗ ಕಾರಿನಲ್ಲಿ ಕೂರಿಸಿಕೊಳ್ಳಲಿಲ್ಲ, ಅಷ್ಟೆ. ಮಾರನೆಯ ದಿನ ಅವಳ ಕಂಪ್ಯೂಟರಿನ ಮುಂದೆ ಹೊಸಬಳೊಬ್ಬಳು ಕೂತಿದ್ದಳು, ಅವಳ ಡಬ್ಬಿ, ಸ್ಕೇಲು, ನೀರಿನ ಬಾಟಲಿ ಪ್ರಿಂಟರಿನ ಪಕ್ಕದ ಸಣ್ಣ ಮೇಜಿಗೆ ಹೋಗಿದ್ದವು. ಹಳೆಯ ಫೈಲುಗಳಿಗೆ ನಂಬರು ಹಾಕುವ ಕೆಲಸ. ತಿಂಗಳ ಕೊನೆಯವರೆಗೆ ಎಂದು ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಗಂಡ, ನಾನು ಹೇಳಿರ್ಲಿಲ್ವಾ ಎನ್ನಲಿಲ್ಲ. ಒಂದು ಸಂಜೆ ಅಂಗಡಿಯಿಂದ ಬಂದವನು, ಅಲ್ಲಿ ಆರ್ಡರು ಬರೆದುಕೊಳ್ಳಲು ಯಾರಾದರೂ ಬೇಕಂತೆ ಎಂದಷ್ಟೇ ಹೇಳಿ ಚಪ್ಪಲಿ ಬಿಟ್ಟ. ಅವಳಿಗೆ ಅಳು ಬಂತು. ನೆಮ್ಮದಿಯೇನೂ ಬರಲಿಲ್ಲ. ಹೇಳಿದ ಮೇಲೆ ಹಗುರಾಗುತ್ತದೆ ಎಂದು ಎಲ್ಲೋ ಓದಿದ್ದಳು, ಹಗುರಾಗುವ ಬದಲು ಆ ಸೋಮವಾರದ ತಲೆಯಾಡಿಸುವಿಕೆ ಹಲ್ಲು ಉಜ್ಜುವಾಗ, ಬಸ್ಸಿನ ಕಂಬಿ ಹಿಡಿದು ನಿಂತಾಗ, ಕತ್ತಿನೊಳಗೇ ಇನ್ನೂ ನಡೆಯುತ್ತಿರುವಂತೆ ಆಗುತ್ತಿತ್ತು.

ಆ ವಾರದ ಕೊನೆಗೆ ತಿದ್ದಿದ ಶೀಟನ್ನು ಹಳೆಯ ಮನೆಗೆ ತಲುಪಿಸಲು ಯಾರೂ ಇಲ್ಲದೆ ಅವಳನ್ನೇ ಕಳಿಸಿದರು. ಮೇಸ್ತ್ರಿ ಒಬ್ಬನೇ ಒಳಗಿದ್ದ. ಅರ್ಧ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸುತ್ತಿಗೆಯ ಹಿಡಿಯಿಂದ ಇಟ್ಟಿಗೆಗಳನ್ನು ಒಂದೊಂದಾಗಿ ತಟ್ಟುತ್ತ, ಕೆಲವು ಕಡೆ ಸೀಮೆಸುಣ್ಣದಿಂದ ಗುಣಿಸು ಗುರುತು ಹಾಕುತ್ತಿದ್ದ. ಅವಳು ಶೀಟನ್ನು ಮುಂದೆ ಚಾಚಿದಳು.

"ಅಲ್ಲಿಡಿ ಅಮ್ಮ. ಇಂಜಿನಿಯರು ಬಂದು ಅಕ್ಷರ ಓದಿ ಹೇಳ್ತಾರೆ. ಆಮೇಲೆ ಗೆರೆ ನೋಡ್ತೀನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಚೀಲದ ಮೇಲೆ ಶೀಟಿಟ್ಟು, ಹಾರದಂತೆ ಅದರ ಮೇಲೊಂದು ಇಟ್ಟಿಗೆ ಇಟ್ಟಳು. ಹೊರಡಬೇಕಾಗಿತ್ತು. ಹೊರಡದೆ, "ಏನು ನೋಡ್ತಿದೀರಿ" ಎಂದಳು.

"ಎಲ್ಲಿವರೆಗೆ ಸಡಿಲ ಆಗಿದೆ ಅಂತ. ಸಡಿಲ ಆಗಿದ್ದಕ್ಕೆ ಗುರುತು ಹಾಕಿ ತೆಗೀಬೇಕು, ಗಟ್ಟಿ ಇರೋದ್ರ ಮೇಲೆ ಕಟ್ಬೇಕು." ಅವನು ತಟ್ಟಿದ. ಪಕ್ಕದ ಇಟ್ಟಿಗೆಗೆ ತಟ್ಟಿದ. ಅವಳು ಇನ್ನೂ ನಿಂತಿರುವುದನ್ನು ಕಂಡು, ಸ್ವಲ್ಪ ಯೋಚಿಸಿ, ಸುತ್ತಿಗೆಯನ್ನು ಹಿಡಿ ಅವಳ ಕಡೆ ಬರುವಂತೆ ತಿರುಗಿಸಿ ಕೊಟ್ಟ. "ತಟ್ಟಿ ನೋಡಿ. ಇದು ಒಂದು, ಇದು ಒಂದು."

ಅವಳು ಸೀರೆ ಎತ್ತಿ ಹಿಡಿದು ಧೂಳಿನಲ್ಲಿ ಕೂತಳು. ಇಪ್ಪತ್ತಮೂರು ವರ್ಷದಲ್ಲಿ ಎಷ್ಟು ಗೋಡೆ ಬರೆದಿದ್ದಳೋ, ಒಂದರ ಹತ್ತಿರವೂ ಹೀಗೆ ಕೂತಿರಲಿಲ್ಲ. ತಟ್ಟಿದಳು. ಪಕ್ಕದ್ದನ್ನು ತಟ್ಟಿದಳು.

"ಯಾವುದು ಸಡಿಲ?"

"ಎರಡೂ ಒಂದೇ ಥರ ಕೇಳ್ತು."

"ಇನ್ನೊಂದ್ಸಲ."

ಈ ಸಲ ಕಿವಿಯನ್ನು ಗೋಡೆಗೆ ಹತ್ತಿರ ಒಯ್ದಳು. ಇಟ್ಟಿಗೆ ತಣ್ಣಗಿತ್ತು. ಮೇಸ್ತ್ರಿ ಅವಳ ಮುಖ ನೋಡುತ್ತ ಕಾಯುತ್ತಿದ್ದ. ಎಡಗಡೆಯದು ಇರಬಹುದೆನಿಸಿತು. ಅದನ್ನೇ ಹೇಳಿದರೆ ಸರಿಯಾಗಲೂಬಹುದಿತ್ತು.

"ನನಗೆ ಗೊತ್ತಾಗ್ತಿಲ್ಲ ಮೇಸ್ತ್ರಿ" ಎಂದಳು.

ಅವನು ತಲೆಯಾಡಿಸಿ, ಸುತ್ತಿಗೆ ವಾಪಸು ಇಸಕೊಂಡು, ಬಲಗಡೆಯ ಇಟ್ಟಿಗೆಯ ಮೇಲೆ ಗುಣಿಸು ಗುರುತು ಹಾಕಿ, ಮುಂದಿನದಕ್ಕೆ ಹೋದ.